ತೊಂಬತ್ತೊಂಬತ್ತು

"ತೊಂಬತ್ತೊಂಬತ್ತು," ಎಂದ ಸೂಪರ್‌ವೈಸರ್, ಗುಂಡಿ ಹೊಲಿಯುವವಳ ಬೆರಳಿಗೆ ತಾನೇ ಸಿಕ್ಕಿಸಿದ್ದ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ನೋಡಿ. "ನೂರಕ್ಕೆ ತೊಂಬತ್ತೊಂಬತ್ತು. ನನ್ನ ಮಗ ಒಂದು ಸಲ ಇಷ್ಟು ತೆಗೆದಿದ್ರೆ ಊರೆಲ್ಲ ಹೇಳ್ಕೊಂಡು ಬರ್ತಿದ್ದೆ. ಇವಳಿಗೆ ತಲೆನೋವಂತೆ, ವಾಕರಿಕೆಯಂತೆ. ಹೋಗಿ ಕೂತ್ಕೊ."

ಇಸ್ತ್ರಿ ಮಾಡುತ್ತಿದ್ದ ಅವಳ ಅಕ್ಕ ತಡೆಯಲಾರದೆ ಹೇಳಿದಳು. "ಕರೆಂಟು ಹೋಗಿ ಹತ್ತು ದಿನ ಆಯ್ತು ಸಾರ್. ಜನರೇಟರ್ ತಂದು ಬಾಗಿಲ ಪಕ್ಕ ಒಳಗೇ ಇಟ್ಟಾಗಿನಿಂದ ನಮ್ಮಿಬ್ಬರಿಗೂ ತಲೆ ಸಿಡೀತಿದೆ. ಕಿಟಕಿಗೆ ಹೊಡೆದಿರೋ ಹಲಗೆನಾದ್ರೂ ತೆಗೆಸಿ."

ಆ ಹಲಗೆ ಹೊಡೆದವನು ಅವನೇ. ನೆಲಮಾಳಿಗೆಗೆ ಇದ್ದ ಒಂದೇ ಕಿಟಕಿಯಲ್ಲಿ ದಾರಿಹೋಕರ ಕಾಲು ಕಾಣುತ್ತಿತ್ತು. ಕಾಲು ನೋಡುತ್ತಾ ಕೆಲಸ ಕೆಡುತ್ತದೆಂದು.

"ಹೊಗೆ ಎಲ್ಲಿದೆ, ತೋರ್ಸು. ಇಲ್ಲ ತಾನೆ? ಭಾನುವಾರ ಮನೇಲಿ ತಲೆ ನೋಯುತ್ತಾ?"

"ಇಲ್ಲ ಸಾರ್."

"ಅಬ್ಬಾ, ಏನ್ ಬುದ್ಧಿವಂತ ತಲೆ. ರಜೆ ದಿನ ನೋಯೋದೇ ಇಲ್ಲ." ಕುರ್ಚಿ ಎಳೆದು ಬಾಗಿಲು ಮುಚ್ಚಿ ಕೂತ. "ಇವತ್ತು ನಾನೂ ಇಲ್ಲೇ ಇರ್ತೀನಿ. ಯಾರಿಗೆ ಏನಾಗುತ್ತೋ ನೋಡೇಬಿಡೋಣ."

ಇಸ್ತ್ರಿ ಆದದ್ದನ್ನು ಮೇಲಿನ ಅಂಗಡಿಗೆ ಹೊತ್ತು ಹಾಕಿ ಬರುವಾಗೆಲ್ಲ ಅಕ್ಕನಿಗೆ ನಾಲ್ಕು ಉಸಿರು ಹೊರಗಿನ ಗಾಳಿ ಸಿಗುತ್ತಿತ್ತು. ಮೂರನೇ ಸಲ ಇಳಿದು ಬಂದಾಗ ಸೂಪರ್‌ವೈಸರ್ ಸಾಹೇಬರು ಕಣತಲೆ ಒತ್ತಿಕೊಳ್ಳುತ್ತಿದ್ದರು.

"ತಲೆನೋವಾ ಸಾರ್?"

"ಛೆ. ಕಣ್ಣುರಿ."

ನೋವು ಅಂದರೆ ಮರ್ಯಾದೆ ಹೋಗುತ್ತದಲ್ಲ, ಹಲ್ಲು ಕಚ್ಚಿ ಕೂತ. ಇನ್ನೊಂದು ಗಂಟೆಗೆ, ಗೋಡೆಗೆ ನೇತುಹಾಕಿದ್ದ ಕೋಟನ್ನು ನೋಡಿ, "ಹರಟೆ ಸಾಕು, ಕೆಲಸ ನೋಡು," ಎಂದು ಗದರಿಸಿದ. ತಂಗಿ ಕಿಸಕ್ಕನೆ ನಕ್ಕಳು. ನಗುನಗುತ್ತಲೇ ಸೂಜಿ ಕೈಜಾರಿತು, ತಲೆ ಮೇಜಿಗೆ ಬಿತ್ತು.

"ನಾ...ಟಕ," ಎಂದ ಅವನು. ಕ್ಲಿಪ್ಪು ಹಿಡಿದು ಏಳಲು ನೋಡಿದ. ಕಾಲುಗಳು ಅವನ ಮಾತು ಕೇಳಲಿಲ್ಲ.

ಅಕ್ಕ ಜನರೇಟರ್ ಆರಿಸಿ, ತಂಗಿಯನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಫುಟ್‌ಪಾತಿನ ಮೇಲೆ ತಂಗಿ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ ಮೇಲೆ, ಅವನು ಅಲ್ಲೇ ಇರಲಿ ಅಂತ ಅಕ್ಕನಿಗೆ ಅನ್ನಿಸಿದ್ದು ಸುಳ್ಳಲ್ಲ. ಬೈದುಕೊಂಡೇ ಇಳಿದು, ಕಾಲರ್ ಹಿಡಿದು, ಮೂಟೆ ಎಳೆದ ಹಾಗೆ ಎಳೆದು ತಂದಳು.

ಆಂಬುಲೆನ್ಸಿನ ನರ್ಸು ಇಬ್ಬರ ಮುಖಕ್ಕೂ ಮಾಸ್ಕು ಕಟ್ಟಿದಳು. "ಕಾರ್ಬನ್ ಮಾನಾಕ್ಸೈಡ್. ಕಣ್ಣಿಗೆ ಕಾಣಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಕುರ್ಚೀಲಿ ತಾನು ಕೂತ್ಬಿಡುತ್ತೆ, ಎಬ್ಬಿಸಿದ್ರೂ ಬೇಗ ಏಳಲ್ಲ. ಈ ಕ್ಲಿಪ್ಪಿಗೆ ಕೂತಿರೋದು ಯಾರು ಅಂತ ತಿಳಿಯಲ್ಲ. ಕುರ್ಚಿ ತುಂಬಿದ್ರೆ ಸಾಕು, ಎಲ್ಲ ಸರಿ ಇದೆ ಅನ್ನುತ್ತೆ."

ಮಾಸ್ಕಿನೊಳಗಿಂದ ಅವನು ನರಳಿದ. "ತಲೆ... ಸಿಡೀತಿದೆ."

ಅಕ್ಕ ಅವನ ಮುಷ್ಟಿ ಬಿಡಿಸಿ, ಕ್ಲಿಪ್ಪನ್ನು ಅವನ ಬೆರಳಿಗೇ ಸಿಕ್ಕಿಸಿ ನೋಡಿದಳು.

"ತೊಂಬತ್ತೊಂಬತ್ತು ಸಾರ್. ಏನೂ ಆಗಿಲ್ಲ. ಇವತ್ತು ಭಾನುವಾರ ಅಲ್ಲ ನೋಡಿ, ಅದಕ್ಕೇ."