ಮುಹೂರ್ತದ ಟೇಪು

ದೊಡ್ಡ ಕ್ಯಾಮೆರಾದ ಕಾರ್ಡಿನಲ್ಲಿ ಅರಿಶಿನದ ಶಾಸ್ತ್ರ ಇತ್ತು, ಊಟದ ಪಂಕ್ತಿ ಇತ್ತು. ತಾಳಿ ಕಟ್ಟುವ ಭಾಗ ಮಾತ್ರ ತೆರೆಯಲೇ ಇಲ್ಲ. ಮದುವೆಗಳ ವಿಡಿಯೊ ತೆಗೆಯುವ ರಂಗನಾಥ್ ಕಾರ್ಡನ್ನು ಹೊರಗೆಳೆದು, ಒರೆಸಿ, ಮತ್ತೆ ಹಾಕಿ ನೋಡಿದ. ಎದುರಿನ ಚಾಪೆಯ ಮೇಲೆ ಮದುಮಗಳು ವಾಣಿಶ್ರೀ, ಅವಳ ತಾಯಿ ಹಂಪಕ್ಕ ಕಾಯುತ್ತಿದ್ದರು. ವಾಣಿಶ್ರೀ ಸಂಜೆಯ ಬಸ್ಸಿಗೆ ಬಳ್ಳಾರಿಗೆ ಹೊರಡುವವಳು. ವಿಡಿಯೊ ತರಬೇಕೆಂದು ಅತ್ತೆ ಹೇಳಿ ಕಳಿಸಿದ್ದರು.

“ಚಿಂತಿ ಬ್ಯಾಡ. ಇಂಥದಕ್ಕಂತನ ಹಳೇದೊಂದು ಇಟ್ಟೀನಿ,” ಎಂದ ರಂಗನಾಥ್.

ಹಳೆಯದೆಂದರೆ ಯಾರದೋ ಕೈಯಿಂದ ಅಗ್ಗಕ್ಕೆ ಕೊಂಡ, ಟೇಪು ಹಾಕುವ ಹ್ಯಾಂಡಿಕ್ಯಾಮ್. ಮದುವೆಗಳಲ್ಲಿ ಅದನ್ನು ಹಿಡಿಯುವವಳು ಅವನ ಹೆಂಡತಿ ಮಂಜುಳ. ಅವನು ಕಲಿಸಿದ್ದ ಪಾಠ ಒಂದೇ: ಮುಹೂರ್ತದಲ್ಲಿ ಏನೇ ಆಗಲಿ, ತಾಳಿಯಿಂದ ಕ್ಯಾಮೆರಾ ಸರಿಸಬಾರದು. ಅವನು ಟಿವಿಗೆ ವೈರು ಸಿಕ್ಕಿಸುತ್ತಿದ್ದಂತೆ ಮಂಜುಳ ಹತ್ತಿರ ಬಂದಳು.

“ರೀ, ಅದರಾಗ ತಾಳಿ ಇಲ್ಲ. ಹಂಪಕ್ಕನ ಕಡೆ ತಿರುಗಿಸಿದ್ದೆ.”

ಜೀನ್ಸ್ ಫ್ಯಾಕ್ಟರಿಯಲ್ಲಿ ಅವಳೂ ಹಂಪಕ್ಕನೂ ಅಕ್ಕಪಕ್ಕ ಕೂತು, ಹೊಲಿದು ಬಂದ ಪ್ಯಾಂಟುಗಳಲ್ಲಿ ಉಳಿದ ದಾರ ಕತ್ತರಿಸುವವರು. ಮುಹೂರ್ತದ ಹೊತ್ತಿಗೆ ಹಂಪಕ್ಕನ ಮುಖ ಕಂಡಾಗ ಕೈ ತಾನಾಗಿ ಹೊರಳಿತ್ತು. ಇದನ್ನು ಗಂಡನಿಗೆ ವಿವರಿಸುವುದು ಹೇಗೆಂದು ತಿಳಿಯಲಿಲ್ಲ.

ರಂಗನಾಥ್ ಕೂಗಾಡಲಿಲ್ಲ. ಅಳಿಯನನ್ನು ಒಮ್ಮೆ ಕರೆತಂದರೆ, ಅದೇ ಸೀರೆ ಉಟ್ಟು ತಾಳಿ ಕಟ್ಟುವುದೊಂದನ್ನು ಮತ್ತೆ ತೆಗೆಯಬಹುದೆಂದ. ಹಂಪಕ್ಕ ಮಗಳ ಕೊರಳಿಗೆ ಕೈ ಅಡ್ಡ ಹಿಡಿದಳು. “ಕಟ್ಟಿದ ತಾಳಿ ಬಿಚ್ಚೋದಾ? ಬಿಡ್ತು ಅನ್ರಿ.” ಅವನು ಬಿಡ್ತು ಎಂದು, ಹೆಂಡತಿಯ ಕಡೆ ತಿರುಗಿದ. “ಇನ್ನ ಮದುವಿಗೆ ನೀ ಬರೋದು ಬ್ಯಾಡ. ದಾರ ಕತ್ತರಿಸ್ಕಂಡಿರು, ಸಾಕು.”

ವಾಣಿಶ್ರೀ ಇರುವುದನ್ನೇ ಹಾಕಲು ಹೇಳಿದಳು.

ಟಿವಿಯಲ್ಲಿ ವಾದ್ಯ ಜೋರಾಯಿತು. ಸುತ್ತಲ ಕೈಗಳೆಲ್ಲ ಮೇಲೆದ್ದು ಅಕ್ಷತೆ ಸುರಿದವು. ನಡುವೆ ಅಕ್ಷತೆ ಹಿಡಿದ ಹಂಪಕ್ಕನ ಮುಷ್ಟಿ ಎದೆಯ ಹತ್ತಿರವೇ ನಿಂತಿತ್ತು. ವಾದ್ಯ ನಿಂತಿತು, ಜನ ಚದುರಿದರು, ಮುಷ್ಟಿ ತೆರೆಯಲಿಲ್ಲ.

ವಾಣಿಶ್ರೀ ಚಾಪೆಯಿಂದ ಟಿವಿಯ ಸಮೀಪಕ್ಕೆ ಜರುಗಿದಳು. “ನಾ ತಲಿ ಬಗ್ಗಿಸಿ ಕುಂತಿದ್ದೆ. ಇದು ನನಗ ಕಾಣಲೇ ಇಲ್ಲ,” ಎಂದಳು. ಆಮೇಲೆ, “ಅಣ್ಣ, ಇದನ್ನ ಸಿಡಿ ಮಾಡಿ ಕೊಡ್ರಿ. ನಮ್ಮತ್ತಿಗೆ ನಾ ಹೇಳ್ಕೊಂತೀನಿ.”

ರಂಗನಾಥ್ ಟೇಪನ್ನು ಹಿಂದಕ್ಕೆ ಸುತ್ತಿದ. ನಿಂತೇ ಇದ್ದ ಮಂಜುಳಳಿಗೆ ತಾನು ಕೂತಿದ್ದ ಸ್ಟೂಲನ್ನು ಮೆಲ್ಲಗೆ ದೂಡಿ, ಆ ಹ್ಯಾಂಡಿಕ್ಯಾಮನ್ನು ಅವಳ ಕೈಗೇ ಕೊಟ್ಟು, ಮತ್ತೆ ಹಾಕಲು ಹೇಳಿದ.

ಎರಡನೆಯ ಸಲ ಅಕ್ಷತೆ ಸುರಿಯುತ್ತಿದ್ದಾಗ ವಾಣಿಶ್ರೀ ಹಿಂದಿರುಗಿ ನೋಡಿದಳು. “ಅವ್ವ, ಎಲ್ಲಾರೂ ಹಾಕಿದ್ರಲ್ಲ, ನೀ ಯಾಕ ಹಾಕಲಿಲ್ಲ?”

ಹಂಪಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹಾಕಿದ್ರ ಮುಗಿದು ಹೋಗ್ತಿತ್ತಲ್ಲ.”