ಕೊಯ್ಲು ಮುಗಿದ ಮೇಲೆ

"ಎಲ್ಲಿದೆ ಬೆಳೆ? ತೋರ್ಸು, ನೋಡೋಣ!" ಎಂದ ದೊನ್ ಅಲಿರೊ, ಪಾತಿಯ ನಟ್ಟನಡುವೆ ಬೂಟು ಊರಿ ನಿಂತು. "ಬರೀ ಮಣ್ಣು. ಬರ್ಕೊಳ್ಳಯ್ಯಾ ಇಬಾಕಾಚೆ, ಹಿತ್ತಲು ಖಾಲಿ ಅಂತ."

ಪೇದೆ ಇಬಾಕಾಚೆ ಪುಸ್ತಕ ತೆರೆದ. ಮುದುಕಿ ಎದುವಿನಾ ಬೇಲಿಯತ್ತ ನೋಡಿದಳು. ವಾರದ ಹಿಂದೆ ಆ ಬೇಲಿ ತಾನಾಗಿಯೇ ಬಿದ್ದಿತಂತೆ, ದಣಿಗಳ ಕುದುರೆಗಳು ತಾವಾಗಿಯೇ ನುಗ್ಗಿದವಂತೆ. ಕೋಸು, ಸೊಪ್ಪು, ಕುಂಬಳದ ಕೊನೆಯ ಬಳ್ಳಿ, ಒಂದನ್ನೂ ಬಿಟ್ಟಿರಲಿಲ್ಲ. ಬಿದ್ದ ತಂತಿಯ ತುದಿ ಮಾತ್ರ ಇಕ್ಕಳದಲ್ಲಿ ಕತ್ತರಿಸಿದಷ್ಟು ನುಣ್ಣಗಿತ್ತು.

ಅಲಿರೊ ತೋಟದ ಮ್ಯಾನೇಜರ್. ಮೂರು ದಿಕ್ಕಿಗೂ ಅವನ ದಣಿಗಳ ಚೆರ್ರಿ ಗಿಡಗಳು, ಹಡಗು ಹತ್ತಿ ಚೀನಾಕ್ಕೆ ಹೋಗುವ ಹಣ್ಣು. ನಡುವೆ ಉಳಿದದ್ದು ಇವಳ ಮಣ್ಣಿನ ಮನೆ, ಅಂಗೈಯಗಲ ಹಿತ್ತಲು. ನಲವತ್ತು ವರ್ಷ ದೊಡ್ಡಮನೆಯ ಅಡುಗೆಕೋಣೆಯಲ್ಲಿ ಬೆಂದದ್ದಕ್ಕೆ ಹಳೆಯ ದಣಿ ಬಾಯಿಮಾತಿನಲ್ಲಿ ಕೊಟ್ಟಿದ್ದ ಜಾಗ. ಆ ಬಾಯಿ ಮಣ್ಣಾದ ಮೇಲೆ ಮಕ್ಕಳು ಕೋರ್ಟಿಗೆ ಹೋದರು. ಸ್ಯಾಂಟಿಯಾಗೊದ ವಕೀಲರು ಬರೆದು ನ್ಯಾಯಾಧೀಶರು ಮೊಹರು ಒತ್ತಿದ ಕಾಗದದಲ್ಲಿ ಒಂದೇ ಒಂದು ಕರುಣೆಯಿತ್ತು: ಹಿತ್ತಲಿನಲ್ಲಿ ಬೆಳೆ ಇರುವವರೆಗೆ ಆಕೆಯನ್ನು ಮುಟ್ಟುವಂತಿಲ್ಲ, ಕೊಯ್ಲು ಮುಗಿದ ಮೇಲೆ ಖಾಲಿ ಮಾಡತಕ್ಕದ್ದು.

"ಮಣ್ಣೊಳಗಿದೆ ಬೆಳೆ," ಎಂದಳು ಎದುವಿನಾ. "ನಿಮ್ಮ ಕುದುರೆ ಮೇದು ಹೋದ ಮಾರನೇ ದಿನವೇ ಹಾಬಾ ಅವರೆ ಊರಿದೀನಿ."

"ಕಾಳು ಬೆಳೆಯಾಗ್ತದೇನೇ ಮುದುಕಿ? ಹಂಗಾದ್ರೆ ನನ್ನ ಜೇಬಲ್ಲಿರೋ ಕಡ್ಲೆಕಾಯೂ ಬೆಳೆನೇ!"

ಇಬಾಕಾಚೆ ಪೆನ್ನಿನಿಂದ ಕಿವಿ ಕೆರೆದುಕೊಂಡ. "ಮೊಳೆತಿದ್ರೆ ಬೆಳೆ, ಮೊಳೀದಿದ್ರೆ ಕಾಳು. ಬಗೆದು ತೋರ್ಸಿ ದೋನ್ಯಾ ಎದುವಿನಾ. ನಾನು ಕಂಡದ್ದನ್ನೇ ಬರೀತೀನಿ."

ಅವಳು ಮಂಡಿಯೂರಿದಳು. ಒಂದು ರಾತ್ರಿ, ಒಂದು ಹಗಲು ನೆನೆಹಾಕಿ ಊರಿದ್ದ ಕಾಳು. ಆದರೆ ಇದು ಮೇ ತಿಂಗಳು, ಭೂಮಿಯ ಈ ದಕ್ಷಿಣ ತುದಿಯಲ್ಲಿ ಎಲೆ ಉದುರುವ ಕಾಲ. ಮೊನ್ನೆಯೂ ನಿನ್ನೆಯೂ ನೆಲ ಹಿಮಕ್ಕೆ ಬೆಳ್ಳಗಾಗಿತ್ತು. ಮೊದಲ ಗುಳಿ ಬರಿದು, ಇಲಿ ತಿಂದಿತ್ತು. ಅಲಿರೊ ನಕ್ಕ. ಎರಡನೆಯದರಲ್ಲಿ ಕಾಳು ಸಿಕ್ಕಿತು, ಬೆರಳು ತಾಗಿದ್ದೇ ಸಿಪ್ಪೆ ಜಾರಿ ಕೊಳೆತ ವಾಸನೆ ಹೊಡೆಯಿತು.

"ಸಾಕು, ಬರ್ಕೋ," ಎಂದ ಅಲಿರೊ.

"ಕಾಲು ತೆಗೀರಿ."

"ಏನಂದೆ?"

"ಮೂರನೇದು ನಿಮ್ಮ ಬೂಟಿನಡಿ ಇದೆ. ತೆಗೀರಿ ಕಾಲು."

ನಲವತ್ತು ವರ್ಷದಲ್ಲಿ ಅವಳು ಆ ಮನೆಯ ಕಡೆಯವರಿಗೆ ಕೊಟ್ಟ ಮೊದಲ ಅಪ್ಪಣೆ ಅದು. ಅಲಿರೊ ಪೇದೆಯ ಮುಖ ನೋಡಿ, ಕಾಲು ತೆಗೆದ. ಅವಳು ಬೂಟಿನ ಅಚ್ಚನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದಳು. ಹಸಿರುಗಂದು ಕಾಳಿನ ಹೊಟ್ಟೆ ಒಡೆದು, ಕೋಳಿಮರಿಯ ಕೊಕ್ಕಿನಂಥ ಬಿಳಿಯ ಬೇರೊಂದು ಹೊರಬಂದು, ಮಣ್ಣನ್ನು ಕಚ್ಚಿ ಹಿಡಿದಿತ್ತು.

ಇಬಾಕಾಚೆ ಬಗ್ಗಿ ನೋಡಿದ. ಮುಟ್ಟಲಿಲ್ಲ. "ಬೆಳೆ ಇದೆ," ಎಂದು ಬರೆದ.

"ಸರಿ. ಕೊಯ್ಲು ಯಾವಾಗ?" ಅಲಿರೊ ಹಲ್ಲು ಕಚ್ಚಿದ.

"ಅಕ್ಟೋಬರ್‌ಗೆ."

"ಆ ತಿಂಗಳ ಕೊನೇ ದಿನ ಲಾರಿ ತಗೊಂಡೇ ಬರ್ತೀನಿ."

"ಬನ್ನಿ ಬನ್ನಿ. ಬೆಳ್ಳುಳ್ಳಿ ಆಗ ಗಡ್ಡೆ ಕಟ್ತಿರ್ತದೆ."

"ಯಾವ ಬೆಳ್ಳುಳ್ಳಿ?"

ಎದುವಿನಾ ಮೇಲಂಗಿಯ ಜೇಬಿನಿಂದ ಎರಡು ಎಸಳು ತೆಗೆದು, ಖಾಲಿಯಾದ ಎರಡು ಗುಳಿಗಳಿಗೆ ಊರಿ ಮಣ್ಣೆಳೆದಳು. "ಈ ಬೆಳ್ಳುಳ್ಳಿ. ಕ್ರಿಸ್‌ಮಸ್‌ಗೆ ಕೀಳ್ತೀನಿ. ಅಷ್ಟರಲ್ಲಿ ಅವರೆ ಕಿತ್ತ ಕಡೆ ಜೋಳ ಮೊಳಕಾಲುದ್ದ ಆಗಿರ್ತದೆ. ಜೋಳದ ಬುಡದಲ್ಲಿ ಕುಂಬಳ."

"ಹಂಗಾದ್ರೆ ನಿನ್ನ ಕೊಯ್ಲು ಮುಗಿಯೋದು ಯಾವತ್ತೇ?"

"ಹೊಟ್ಟೆಗೆ ವರ್ಷಕ್ಕೊಂದ್ಸಲ ಹಸಿವಾಗಿದ್ರೆ ಕೊಯ್ಲೂ ವರ್ಷಕ್ಕೊಂದೇ ಇರ್ತಿತ್ತು, ದೊನ್ ಅಲಿರೊ. ಕಾಗದ ಬರೆದ ಮಹಾರಾಯರು ನಿಮ್ಮ ಚೆರ್ರಿ ತೋಟ ನೋಡಿದ್ರು. ಹೆಂಗಸಿನ ಹಿತ್ತಲು ನೋಡಿರ್ಲಿಲ್ಲ."

ಅಲಿರೊ ಕೈಲಿದ್ದ ಕೋರ್ಟಿನ ಕಾಗದವನ್ನು ಮಡಚಿ ಜೇಬಿಗೆ ತುರುಕಿ, ಬಂದ ಹಾಗೆಯೇ ಪಾತಿಗೆ ಅಡ್ಡಲಾಗಿ ಹೊರಟ. ಒಂದು ಹೆಜ್ಜೆ ಇಟ್ಟಿರಲಿಲ್ಲ, ಪೇದೆ ಹಿಂದಿನಿಂದ ಗದರಿದ:

"ಬದೀಲಿ ನಡೀರಿ ಸಾರ್. ಅಲ್ಲಿ ಬೆಳೆ ಇದೆ."