ಸಿಸ್ಟರ್ ಅಲ್ಮೈರಾಳ ಬಲಗೈ

ಮೊದಲ ಹೆಂಡತಿ ತಾನೇ ಎರಡನೆಯವಳ ಬಲಗೈ ಹಿಡಿದು ಗಂಡನ ಕೈಯಲ್ಲಿಡಬೇಕು. ಅಮೆರಿಕದ ಯೂಟಾದ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಹಳೆಯ ಮದುವೆ ಪದ್ಧತಿ ಅದು. ಚಿತ್ರೀಕರಣ ನಡೆಯುತ್ತಿದ್ದ ಸಿನಿಮಾದ ದೃಶ್ಯವೂ ಅಷ್ಟೇ. ಮೊದಲ ಹೆಂಡತಿ ಡ್ರುಸಿಲಾಳ ಪಾತ್ರದ ಜನೀಲ್ ಆ ಕೈಯನ್ನು ಒಪ್ಪಿಸಿ, ಸೊಗಸಾಗಿ ಅತ್ತಳು.

ಡ್ರುಸಿಲಾಳ ಮರಿಮೊಮ್ಮಗಳು, ಮುದುಕಿ ಸಿಸ್ಟರ್ ಟಟಲ್, ಕುರ್ಚಿಯಿಂದಲೇ ನಿರ್ದೇಶಕ ಲಮಾರ್‌ನನ್ನು ಕೇಳಿದರು: "ಆ ಎರಡನೇ ಹೆಂಡತಿ ಹುಡುಗಿ ಯಾರಂತ ಜನೀಲ್‌ಗೆ ಹೇಳಿದೀಯಾ?"

"ಸಿಸ್ಟರ್ ಅಲ್ಮೈರಾ ಅಂತ ನೀವೇ ಹೇಳಿದ್ರಲ್ಲ. ಚರ್ಚಿನವಳು ಯಾರೋ."

"ಚರ್ಚಲ್ಲಿ ಹೆಂಗಸರೆಲ್ಲ ಸಿಸ್ಟರೇ ಕಣಪ್ಪ, ನಾನೂ ಸಿಸ್ಟರೇ. ಅಲ್ಮೈರಾ ಡ್ರುಸಿಲಾಳ ಒಡಹುಟ್ಟಿದ ತಂಗಿ. ಅಮ್ಮ ಸತ್ತ ಮೇಲೆ ಅವಳನ್ನ ತುತ್ತಿಟ್ಟು ಬೆಳೆಸಿದ್ದೇ ಡ್ರುಸಿಲಾ."

ಲಮಾರ್ ಮತ್ತೊಮ್ಮೆ ಕ್ಯಾಮೆರಾ ಓಡಿಸಿದ.

ಈ ಸಲ ಜನೀಲ್‌ಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಹುಡುಗಿಯ ಕೈ ಹಿಡಿದಳು. ಗಂಡನ ಪಾತ್ರದವನು ಕೈ ಚಾಚಿ ಕಾದ. ಅವಳು ಹುಡುಗಿಯ ಕೈಯನ್ನು ಅಂಗಾತ ತಿರುಗಿಸಿ, ಬೆವೆತಿದ್ದ ಅಂಗೈಯನ್ನು ತನ್ನ ಏಪ್ರನ್ನಿನ ಅಂಚಿನಿಂದ ಒರೆಸಿದಳು, ಊಟಕ್ಕೆ ಕೂರಿಸುವ ಮುಂಚೆ ಮಕ್ಕಳ ಕೈ ಒರೆಸುವ ಹಾಗೆ.

ಆಮೇಲೆ ಅವನ ಕೈಯಲ್ಲಿಟ್ಟಳು.